ಅಂಧ ಬಾಲಕರ ಕೈಗೆ ವಾದ್ಯವಿತ್ತ ಗುರುಗಳು

ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು 1936ರಲ್ಲಿ ಹಂಪೆಯಲ್ಲಿ ಜರುಗಿದಾಗ, ಹದಿನಾರರ ಆಸುಪಾಸಿನ ಬಸವರಾಜ ರಾಜಗುರು ಮೊದಲ ಬಾರಿಗೆ ದೊಡ್ಡ ಸಭೆಯೆದುರು ಹಾಡಲು ಕುಳಿತರು. ಅವರಿಗೆ ತಬಲಾ ಸಾಥ್ ನೀಡಿದವರು ಸ್ವತಃ ಅವರ ಗುರುಗಳಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಗುರು ಹಾಡುವಾಗ ಶಿಷ್ಯನು ಹಿಂದೆ ತಂಬೂರಿ ಹಿಡಿದು ಕೂಡುವುದು ವಾಡಿಕೆ. ಇಲ್ಲಿ ಗುರುವೇ ಪಕ್ಕವಾದ್ಯಕ್ಕೆ ಇಳಿದರು. ಲಯ ತಪ್ಪಿದರೆ ಎತ್ತಿ ಹಿಡಿಯುವ ಕೈ ಬದಿಯಲ್ಲಿಯೇ ಇದೆಯೆಂಬ ಧೈರ್ಯ ಆ ಹುಡುಗನಿಗೆ ಎಷ್ಟಿದ್ದಿರಬೇಕು! ಗವಾಯಿಗಳ ಮಹಿಮೆಯನ್ನು ಕೊಂಡಾಡುವವರು ಪವಾಡಗಳನ್ನು ವಿಸ್ತರಿಸಿ ಹೇಳುತ್ತಾರೆ. ಅವರ ಬೋಧನಕ್ರಮವನ್ನು ಅರಿಯಲು ಈ ಒಂದು ಪ್ರಸಂಗವೇ ಹೆಚ್ಚು ಉಪಯುಕ್ತ.

ರಾಜಗುರುಗಳಿಗೆ ದೃಷ್ಟಿಯಿತ್ತು. ಗುರುಗಳಿಗೆ ಇರಲಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅವರ ಮೊದಲ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನೂ ಅಂಧನೇ. ಅಂದಿನ ಹಳ್ಳಿಯಲ್ಲಿ ಅಂಧ ಬಾಲಕನೆಂದರೆ ಮನೆಗೆ ಭಾರ, ಇಲ್ಲವೆ ಭಿಕ್ಷೆಗೆ ಮೀಸಲು. ಹಾನಗಲ್ಲ ಕುಮಾರಸ್ವಾಮಿಗಳು (1867–1930) ಈ ಮಕ್ಕಳ ಕಂಠವನ್ನು ಗುರುತಿಸಿ ಆಶ್ರಯವಿತ್ತರು. ಪಂಚಾಕ್ಷರಿಗಳು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ, ಮುಂದೆ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನೀ ಪದ್ಧತಿಯನ್ನೂ ಅಭ್ಯಸಿಸಿದರು. ತಮಗೆ ದೊರೆತ ಆಶ್ರಯವನ್ನು ತಮ್ಮಂಥ ಮಕ್ಕಳಿಗೆ ಹಂಚುವುದೇ ಅವರ ಕಾಯಕವಾಯಿತು. ಬಹುಕಾಲ ಆ ಪಾಠಶಾಲೆಗೆ ನೆಲೆಯೆಂಬುದಿರಲಿಲ್ಲ. ಶಿಷ್ಯರೊಡನೆ ಊರಿಂದೂರಿಗೆ ಸಂಚರಿಸುತ್ತ, ಭಕ್ತರು ಕೊಟ್ಟ ಕಾಳುಕಡಿಯಲ್ಲಿ ದಾಸೋಹವೂ ಪಾಠವೂ ಒಟ್ಟಿಗೆ ನಡೆದವು.

ವಾದ್ಯ ಕಲಿಸುವುದಕ್ಕೆ ಕಣ್ಣು ಎಷ್ಟು ಬೇಕು? ಹಾರ್ಮೋನಿಯಂನ ಕರಿಯ ಮನೆಗಳು ಬಿಳಿಯವುಗಳಿಗಿಂತ ಎತ್ತರವಾಗಿ, ಎರಡು ಮೂರರ ಗುಂಪಾಗಿ ನಿಂತಿರುವುದರಿಂದ ಬೆರಳಿಗೆ ದಾರಿ ತಾನಾಗಿ ತಿಳಿಯುತ್ತದೆ. ಒತ್ತಿದೊಡನೆ ಸ್ವರ ನುಡಿಯುವುದು. ಅಂಜುವ ಮಗುವಿಗೆ ಮೊದಲ ದಿನವೇ ಫಲ. ತಬಲದ ಬೋಲುಗಳು ಮೊದಲು ಬಾಯಿಗೆ, ಅನಂತರ ಕೈಗೆ ಬರುವಂಥವು. ಪಿಟೀಲಿಗಂತೂ ಮೆಟ್ಟಿಲುಗಳೇ ಇಲ್ಲ; ಅಲ್ಲಿ ಕಣ್ಣಿದ್ದವನೂ ಕಿವಿಯನ್ನೇ ನಂಬಬೇಕು. ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ಬಸವಣ್ಣನವರು ಬೇಡಿದ್ದನ್ನು ವಚನಾಭ್ಯಾಸಿಗಳು ಬಲ್ಲರು. ಈ ಮಕ್ಕಳಿಗೆ ಅದು ರೂಪಕವಷ್ಟೇ ಆಗಿರಲಿಲ್ಲ.

ಇದಕ್ಕೆ ಪೂರ್ಣ ನಿದರ್ಶನ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾನಗಲ್ಲ ಸೀಮೆಯಲ್ಲಿಯೇ ಜನಿಸಿ, ಹಸುಗೂಸಿನಲ್ಲಿಯೇ ದೃಷ್ಟಿ ಕಳೆದುಕೊಂಡ ಬಾಲಕ. ಸೋದರಮಾವನ ಹಾರ್ಮೋನಿಯಂ ಮೇಲೆ ತಾನೇ ಸ್ವರ ಹುಡುಕುತ್ತಿದ್ದನು. ಪಂಚಾಕ್ಷರಿಗಳ ಕೈಗೆ ಬಂದ ಮೇಲೆ ಆ ಹುಡುಕಾಟ ವಿದ್ಯೆಯಾಯಿತು. ತಬಲಾ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳು ವಶವಾದವು. ಪಂಡಿತರು ಹಾರ್ಮೋನಿಯಮ್ಮನ್ನು ಹೀಗಳೆಯುತ್ತಿದ್ದ ಕಾಲವದು. ರೇಡಿಯೋದವರು 1940ರಲ್ಲಿ ಅದಕ್ಕೆ ಹಾಕಿದ ಬಹಿಷ್ಕಾರ 1971ರವರೆಗೆ ಉಳಿದಿತ್ತು. ಶ್ರುತಿಸೂಕ್ಷ್ಮದ ದೃಷ್ಟಿಯಿಂದ ಅವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಗದುಗಿನ ಅಂಧ ಬಾಲಕನಿಗೆ ಆ ಪೆಟ್ಟಿಗೆಯೇ ಅನ್ನದ ದಾರಿಯಾಗಿತ್ತು.

ಅನ್ನದ ಪ್ರಶ್ನೆ ಸಣ್ಣದಲ್ಲ. ಆಶ್ರಮದ ಖರ್ಚಿಗೆಂದು ಕಟ್ಟಿದ ನಾಟಕ ಮಂಡಳಿಯು ಶಿಷ್ಯರಿಗೆ ರಂಗಸ್ಥಳವನ್ನೂ ಒದಗಿಸಿತು. ರಾತ್ರಿಯೆಲ್ಲ ಜನರೆದುರು ನುಡಿಸಬೇಕಾದ ಹುಡುಗನಲ್ಲಿ ಸಂಕೋಚ ಎಷ್ಟು ದಿನ ನಿಂತೀತು? 1944ರಲ್ಲಿ ಪಂಚಾಕ್ಷರಿಗಳು ಲಿಂಗೈಕ್ಯರಾದಾಗ ವೀರೇಶ್ವರ ಪುಣ್ಯಾಶ್ರಮದ ಹೊಣೆ ಮೂವತ್ತರ ಪುಟ್ಟರಾಜರ ಮೇಲೆ ಬಿದ್ದಿತು. 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರ್ಷ, ಅವರು ಅದನ್ನು ಹೊತ್ತರು. ಅಲ್ಲಿ ಕಲಿತು ಹೊರಟ ಅಂಧರು ಊರೂರುಗಳಲ್ಲಿ ಸಂಗೀತದ ಮೇಷ್ಟ್ರುಗಳಾದರು. ಕಣ್ಣಿದ್ದ ಮಕ್ಕಳು ಅವರ ಮುಂದೆ ಕುಳಿತು ಸರಿಗಮ ಕಲಿತರು.