ಹಳ್ಳದ ಈಚೆ ದಡದ ನಿರ್ಧಾರ

ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿದರೆ ನವಲಗುಂದ, ಕುಂದಗೋಳದ ಎರೆಸೀಮೆಯ ಎಷ್ಟೋ ದಾರಿಗಳು ಕಟ್ಟಿಹೋಗುವುದನ್ನು ನಾವು ಬಲ್ಲೆವು. ಆ ಹೊತ್ತಿನಲ್ಲಿ ತುಂಬು ಗರ್ಭಿಣಿಗೆ ಫಿಟ್ಸ್ ಬಂದರೆ ಉಪಕೇಂದ್ರದ ನರ್ಸಮ್ಮನೇ ದಿಕ್ಕು.

ಔಷಧ ವೈದ್ಯರದು, ಹುಬ್ಬಳ್ಳಿಗೆ ಕಳಿಸುವುದಷ್ಟೇ ನರ್ಸಮ್ಮನದು ಎಂದು ಬಹುಕಾಲ ನಡೆದಿತ್ತು. ಇಂಥ ಫಿಟ್ಸಿಗೆ ಮೆಗ್ನೀಸಿಯಂ ಸಲ್ಫೇಟೇ ಮೇಲೆಂದು 1995ರಲ್ಲಿ, ಭಾರತವೂ ಸೇರಿದ್ದ ಹಲವು ದೇಶಗಳ ಪರೀಕ್ಷೆ ತೋರಿಸಿತು. ಕಳಿಸುವ ಮುನ್ನ ಮೊದಲ ಡೋಸನ್ನು ನರ್ಸಮ್ಮನೇ ಕೊಡಬಹುದೆಂದು ಕೇಂದ್ರ ಸರಕಾರದ 2010ರ ಮಾರ್ಗಸೂಚಿ ಹೇಳಿತು.

ಚುಚ್ಚುವುದೇನೋ ಸುಲಭ. ಇದು ಹಳೆಯ ಮೂರ್ಛೆರೋಗವೋ, ಬಸಿರಿನ ನಂಜೋ? ರಕ್ತದೊತ್ತಡ 140/90 ದಾಟಿದೆಯೇ, ಮೂತ್ರದಲ್ಲಿ ಪ್ರೋಟೀನ್ ಇದೆಯೇ, ತಿಂಗಳೆಷ್ಟು ಎಂದು ನಿಮಿಷಗಳಲ್ಲೇ ತೂಗಬೇಕು. ಮನೆಯವರು ದೆವ್ವ ಮೆಟ್ಟಿತೆನ್ನುವುದೂ ಉಂಟು! 2008ರಲ್ಲಿ 108 ಬಂತು, ನಿಜ. ಗಾಡಿ ಹಳ್ಳದಾಚೆ ನಿಂತರೆ ಬಸುರಿಯ ಉಸಿರೆಣಿಸುತ್ತ ಕೂರುವವರು ಈ ನರ್ಸಮ್ಮನೇ.