ಗುರುಕುಲದ ಕತ್ತಿ, ಹೈಸ್ಕೂಲಿನ ಚೀಲ

ಹಾಸನ ಜಿಲ್ಲೆಯ ಯಾವ ಹೈಸ್ಕೂಲಿಗೆ ಹೋಗಿ ಕೇಳಿದರೂ ಸಳನ ಕಥೆ ಗೊತ್ತಿಲ್ಲದ ಮಕ್ಕಳು ಸಿಗುವುದು ಕಷ್ಟ. ಇಂದಿನ ಮೂಡಿಗೆರೆ ತಾಲೂಕಿನ ಅಂಗಡಿ ಎಂಬ ಊರೇ ಅಂದಿನ ಸೊಸೆವೂರು. ಅಲ್ಲಿನ ವಾಸಂತಿಕಾ ದೇವಿಯ ಗುಡಿಯ ಬಳಿ ಸುದತ್ತ ಮುನಿ ಇದ್ದಾಗ ಹುಲಿಯೊಂದು ಮೇಲೆರಗಿತು, 'ಹೊಯ್ ಸಳ' ಎಂದು ಗುರು ಕೂಗಿದರು, ಶಿಷ್ಯ ಹೊಡೆದು ಕೊಂದ. ಬೇಲೂರಿನಲ್ಲೂ ಹಳೇಬೀಡಿನಲ್ಲೂ ಕಲ್ಲಿನಲ್ಲಿ ನಿಂತಿರುವ ಲಾಂಛನ ಇದೇ. ವಿದ್ವಾಂಸರು ಇದನ್ನು ಐತಿಹ್ಯವೆಂದೇ ಪರಿಗಣಿಸುತ್ತಾರೆ; ಚೋಳರ ಮೇಲಿನ ಗೆಲುವಿನ ಸಂಕೇತವದು ಎನ್ನುವವರೂ ಇದ್ದಾರೆ. ಅದು ಹೇಗೇ ಇರಲಿ, ಈ ಕಥೆಯನ್ನು ಬೇರೊಂದು ರೀತಿಯಲ್ಲೂ ಓದಬಹುದು. ಇದು ಗುರು ಶಿಷ್ಯರ ನಡುವೆ ಆಯುಧ ಬಂದ ಕಥೆ. ಅಪಾಯ ಬಂದದ್ದು ಹೊರಗಿನ ಕಾಡಿನಿಂದ. ಹೊಡೆ ಎಂದು ಹೇಳಿದವರು ಗುರು. ಶಿಷ್ಯ ತಾನಾಗಿ ಆಯುಧ ಎತ್ತಲಿಲ್ಲ. ಇಂದು ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇದರ ತಿರುವುಮುರುವು. ಆಯುಧ ಮನೆಯಿಂದ ಚೀಲದೊಳಗೆ ಬರುತ್ತದೆ, ಗುರುವಿಗೆ ತಿಳಿದಿರುವುದಿಲ್ಲ, ಎದುರಿಗಿರುವುದು ಹುಲಿಯಲ್ಲ, ಸಹಪಾಠಿ.

ದಂಡಿಗನಹಳ್ಳಿ ಹೋಬಳಿ ಇರುವ ಚನ್ನರಾಯಪಟ್ಟಣ ತಾಲೂಕಿನಲ್ಲೇ ಶ್ರವಣಬೆಳಗೊಳವೂ ಇದೆ. ಗಂಗರ ದಂಡನಾಯಕ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಇಲ್ಲಿ ನಿಲ್ಲಿಸಿದ ಮೂರ್ತಿಯ ಕೈಯಲ್ಲಿ ಯಾವ ಆಯುಧವೂ ಇಲ್ಲ. ನಿಲ್ಲಿಸಿದವನು ಯುದ್ಧಗಳಲ್ಲಿ ಪಳಗಿದ ಸೇನಾನಿ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಭರತ ಬಾಹುಬಲಿಯರ ಕಥೆಯಲ್ಲಿ ಎರಡು ಸೇನೆಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬಂದು, ಅಣ್ಣ ತಮ್ಮಂದಿರ ಜಗಳಕ್ಕೆ ಸೈನಿಕರು ಸಾಯುವುದೇಕೆ ಎಂದು ಕೇಳುತ್ತಾರೆ. ಅದರ ಫಲವೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಜಗಳವನ್ನು ಯಾರೂ ಅಲ್ಲಗಳೆಯಲಿಲ್ಲ, ಅದಕ್ಕೆ ನಿಯಮ ಹಾಕಿದರು. ಮೂರರಲ್ಲೂ ಸೋತ ಭರತ ಸಿಟ್ಟಿನಲ್ಲಿ ಚಕ್ರವನ್ನು ಎತ್ತಿದ್ದೇ ಆ ಕಥೆಯ ದೊಡ್ಡ ನಿಯಮಭಂಗ. ಹದಿಹರೆಯದ ಹುಡುಗರ ಜಗಳ ನೋಡಿದ ಯಾವ ಮೇಷ್ಟರಿಗೂ ಈ ಘಟ್ಟ ಪರಿಚಿತವೇ. ಸೋತವನ ಅವಮಾನ ಚಕ್ರವನ್ನು ಹುಡುಕುತ್ತದೆ.

ಸಾರ್ವಜನಿಕ ಸ್ಥಳದಲ್ಲಿ ಆಯುಧ ಹೇಗಿರಬೇಕೆಂಬ ಪ್ರಶ್ನೆಗೆ ಏಳನೇ ಶತಮಾನದ ಮದೀನಾದಲ್ಲೂ ಉತ್ತರ ಹುಡುಕಲಾಗಿತ್ತು. ಅದು ಪ್ರತಿ ಮನೆಯಲ್ಲೂ ಬಿಲ್ಲು ಬಾಣವಿದ್ದ ಕಾಲ. ಬಾಣಗಳನ್ನು ಹಿಡಿದು ಮಸೀದಿಯಲ್ಲಾಗಲಿ ಪೇಟೆಯಲ್ಲಾಗಲಿ ಹಾದುಹೋಗುವವನು ಅವುಗಳ ಮೊನೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕು, ಯಾರಿಗೂ ಗಾಯವಾಗಬಾರದು ಎಂದು ಪ್ರವಾದಿ ಮುಹಮ್ಮದರು(ಸ) ಆದೇಶಿಸಿದ್ದನ್ನು ಬುಖಾರಿ, ಮುಸ್ಲಿಮ್ ಸಂಗ್ರಹಗಳು ದಾಖಲಿಸಿವೆ. ಅದೇ ಮಸೀದಿಯ ಒಂದು ಭಾಗವಾದ ಸುಫ್ಫಾದಲ್ಲಿ ಬಡ ವಿದ್ಯಾರ್ಥಿಗಳು ವಾಸವಿದ್ದು ಕಲಿಯುತ್ತಿದ್ದರು. ಆದ್ದರಿಂದ ಇದು ವಿದ್ಯಾಲಯದ ನಿಯಮವೂ ಹೌದು. ಗಾಯ ಮಾಡುವ ಉದ್ದೇಶ ಇತ್ತೇ ಇಲ್ಲವೇ ಎಂದು ಈ ನಿಯಮ ಕೇಳುವುದಿಲ್ಲ. ಮೊನೆಯ ಹೊಣೆ ಹೊತ್ತವನದು.

ನಮ್ಮ ಕೂಲಿ ಮಠಗಳ ಕಾಲಕ್ಕೆ ಬಂದರೆ ಶಾಲೆಯ ಏಕೈಕ ಆಯುಧ ಅಯ್ಯನವರ ಬೆತ್ತ. ಹುಡುಗನ ಕೈಗಳಿಗೆ ಹಗ್ಗ ಕೊಟ್ಟು ತೊಲೆಗೆ ತೂಗಾಡಿಸುವ ಶಿಕ್ಷೆಗೆ 'ಕೋದಂಡ' ಎಂದು ಹೆಸರು. ರಾಮನ ಬಿಲ್ಲಿನ ಹೆಸರನ್ನು ಮಕ್ಕಳ ಮೇಲೆ ಹೀಗೆ ಪ್ರಯೋಗಿಸಿದವರ ರಸಿಕತೆಗೆ ಏನೆನ್ನೋಣ! ಕಸರತ್ತು, ಕುಸ್ತಿ, ಕತ್ತಿವರಸೆ ಬೇಕಾದವರಿಗೆ ಗರಡಿಮನೆ ಬೇರೆಯೇ ಇತ್ತು. ಅಲ್ಲಿ ಉಸ್ತಾದರ ಅಪ್ಪಣೆಯಿಲ್ಲದೆ ಯಾರೂ ಏನನ್ನೂ ಮುಟ್ಟುವಂತಿರಲಿಲ್ಲ. ಅಕ್ಷರದ ಮನೆ ಬೇರೆ, ಆಯುಧದ ಮನೆ ಬೇರೆ ಎಂಬ ಈ ವಿಂಗಡಣೆ ಬಹುಕಾಲ ನಡೆದುಬಂತು. ಬೆತ್ತವನ್ನು ಕಾನೂನು ಮುಟ್ಟಿದ್ದು ಬಹಳ ತಡವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು.

ಬ್ರಿಟಿಷರು 1878ರಲ್ಲಿ ಶಸ್ತ್ರ ಕಾಯ್ದೆ ತಂದು ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿದರು. ಅರಕಲಗೂಡು ತಾಲೂಕಿನ ಗಡಿ ದಾಟಿದರೆ ಸಿಗುವ ಕೊಡಗಿಗೆ ಮಾತ್ರ ವಿನಾಯಿತಿ. 1861ರಲ್ಲೇ ಮಾರ್ಕ್ ಕಬ್ಬನ್ ಕೊಟ್ಟಿದ್ದ ಈ ರಿಯಾಯಿತಿ ಇಂದಿಗೂ ಮುಂದುವರಿದಿದೆ; 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಸಮಾಜ ಅದು. ಮನೆಮನೆಯಲ್ಲಿ ಕೋವಿಯಿದ್ದರೂ ಕೊಡಗಿನ ಶಾಲೆಗಳು ಅದರಿಂದ ಕುಖ್ಯಾತವಾಗಲಿಲ್ಲ. ಕೋವಿಯ ಸುತ್ತ ಹಿರಿಯರ ಕಣ್ಣು, ಹಬ್ಬದ ಕಟ್ಟಳೆ ಇದ್ದದ್ದು ಇದಕ್ಕೆ ಒಂದು ಕಾರಣವೆಂದು ನನಗನಿಸುತ್ತದೆ. ಸ್ವಾತಂತ್ರ್ಯಾನಂತರ 1948ರ ಎನ್‌ಸಿಸಿ ಕಾಯ್ದೆ ಬಂದೂಕನ್ನು ಅಧಿಕೃತವಾಗಿಯೇ ಹೈಸ್ಕೂಲಿಗೆ ಪರಿಚಯಿಸಿತು. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಗಿತ್ತು, 1968ರಲ್ಲಿ ಐಚ್ಛಿಕವಾಯಿತು. ಕೆಡೆಟ್ ಹುಡುಗ ರೈಫಲ್ ಹಿಡಿಯುತ್ತಾನೆ, ಆದರೆ ಅದು ಅವನದಲ್ಲ. ಎಣಿಸಿ ಕೊಡುತ್ತಾರೆ, ಎಣಿಸಿ ವಾಪಸು ಪಡೆಯುತ್ತಾರೆ, ಗುಂಡಿನ ಖಾಲಿ ತೋಟೆಗೂ ಲೆಕ್ಕ.

ಇನ್ನು ನಮ್ಮ ತೆಂಗಿನ ಸೀಮೆಯ ಮಾತು. ಚನ್ನರಾಯಪಟ್ಟಣ ತಾಲೂಕಿನಲ್ಲಿ ಮಚ್ಚು, ಕುಡುಗೋಲು ಇಲ್ಲದ ರೈತರ ಮನೆ ಇಲ್ಲ. ಎಳನೀರು ಕೆತ್ತಲು, ಗರಿ ಸವರಲು, ಮೇವು ಕೊಯ್ಯಲು ಅದು ಬೇಕೇ ಬೇಕು. ಶಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ. ಆದರೆ ಮನೆಬಳಕೆಗೆ, ಕೃಷಿಗೆಂದೇ ಮಾಡಿದ್ದನ್ನು ಹೊರಗಿಡುತ್ತವೆ. ಇದು ನ್ಯಾಯವೇ. ಮಚ್ಚಿಗೆ ಲೈಸೆನ್ಸ್ ಕೇಳಿದರೆ ಬೇಸಾಯ ನಡೆಯುವುದಿಲ್ಲ. 1959ರ ಶಸ್ತ್ರ ಕಾಯ್ದೆಯಲ್ಲಿ ಬಂದೂಕು ಹೊಂದಲು 16 ಇದ್ದ ಕನಿಷ್ಠ ವಯಸ್ಸು 1983ರ ತಿದ್ದುಪಡಿಯಲ್ಲಿ 21ಕ್ಕೇರಿತು. ಮಚ್ಚಿಗೆ ವಯಸ್ಸಿಲ್ಲ, ಅಡುಗೆಮನೆಯ ಚಾಕುವಿಗೂ ಇಲ್ಲ. ಹಾಗಾಗಿ ಹಳ್ಳಿಯ ಶಾಲೆಯ ಸುರಕ್ಷತೆ ಎಂದರೆ ಕಾನೂನು ಮುಟ್ಟದ ವಸ್ತುಗಳ ಪ್ರಶ್ನೆ.

ಕಾನೂನು ಮುಟ್ಟುವ ವಸ್ತುಗಳ ಗತಿ ಏನಾಗಿದೆ? 2007ರ ಡಿಸೆಂಬರ್ 11ರಂದು ಹರಿಯಾಣದ ಗುರಗಾಂವ್‌ನ ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿಯ ಇಬ್ಬರು ಹುಡುಗರು ಸಹಪಾಠಿಯನ್ನು ಗುಂಡಿಟ್ಟು ಕೊಂದರು. ಪಿಸ್ತೂಲು ಒಬ್ಬನ ತಂದೆಯದು. 2018ರ ಜನವರಿಯಲ್ಲಿ ಅದೇ ರಾಜ್ಯದ ಯಮುನಾನಗರದಲ್ಲಿ ಹನ್ನೆರಡನೇ ತರಗತಿಯ ವಿದ್ಯಾರ್ಥಿ ತನ್ನ ಪ್ರಾಂಶುಪಾಲರನ್ನೇ ಕೊಂದ. ರಿವಾಲ್ವರ್ ತಂದೆಯದು, ಲೈಸೆನ್ಸ್ ಇದ್ದದ್ದು. ಬೆಂಗಳೂರಿನ ಕಾಡುಗೋಡಿಯ ಪದವಿಪೂರ್ವ ಕಾಲೇಜಿನ ಹಾಸ್ಟೆಲಿನಲ್ಲಿ 2015ರ ಮಾರ್ಚ್ 31ರಂದು ವಿದ್ಯಾರ್ಥಿನಿಯೊಬ್ಬಳು ಗುಂಡಿಗೆ ಬಲಿಯಾದಾಗ ಆರೋಪಿಯಾದವನು ಅದೇ ಸಂಸ್ಥೆಯ ನೌಕರ. ಗೇಟಿನಲ್ಲಿ ಕಾವಲುಗಾರನನ್ನು ನಿಲ್ಲಿಸಿದರೆ ಒಳಗಿರುವವನನ್ನು ತಡೆಯುವವರಾರು?

ಅಮೆರಿಕದಲ್ಲಿ 1999ರ ಕೊಲಂಬೈನ್ ಹೈಸ್ಕೂಲ್ ಹತ್ಯಾಕಾಂಡದ ನಂತರ ಅಲ್ಲಿನ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟವು. ಬಂದೂಕು ಬಳಸಿದವರಲ್ಲಿ ಶೇ. 68 ಮಂದಿಗೆ ಅದು ಸಿಕ್ಕಿದ್ದು ಸ್ವಂತ ಮನೆಯಲ್ಲಿ ಅಥವಾ ನೆಂಟರ ಮನೆಯಲ್ಲಿ. ಶೇ. 81ರಷ್ಟು ಪ್ರಕರಣಗಳಲ್ಲಿ ಹೀಗಾಗಲಿದೆ ಎಂಬ ಸುಳಿವು ಮೊದಲೇ ಯಾರಾದರೊಬ್ಬರಿಗೆ, ಹೆಚ್ಚಾಗಿ ಗೆಳೆಯರಿಗೆ, ಇತ್ತು. ದಾಳಿ ಮಾಡುವ ಹುಡುಗ ಇಂಥವನೇ ಎಂದು ಗುರುತಿಸುವ ಯಾವ ಚಹರೆಪಟ್ಟಿಯೂ ಸಿಗಲಿಲ್ಲ. ಬ್ರಿಟನ್ ಬೇರೆ ದಾರಿ ಹಿಡಿಯಿತು. 1996ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಪುಟ್ಟ ಮಕ್ಕಳೂ ಅವರ ಶಿಕ್ಷಕಿಯೂ ಹತರಾದ ಮರುವರ್ಷವೇ ಖಾಸಗಿ ಪಿಸ್ತೂಲುಗಳನ್ನು ಬಹುತೇಕ ಸಂಪೂರ್ಣವಾಗಿ ನಿಷೇಧಿಸಿತು.

ನಮ್ಮಲ್ಲಿ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಡಬೇಕು. 2012ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಒಂಬತ್ತನೇ ತರಗತಿಯ ಹುಡುಗ ತನ್ನ ಶಿಕ್ಷಕಿಯನ್ನು ತರಗತಿಯಲ್ಲೇ ಇರಿದು ಕೊಂದ. ಅಂಕ, ಶಿಸ್ತು, ಸಿನಿಮಾ, ತಂದೆ ತಾಯಿಯರ ಹೊಣೆ ಎಂದೆಲ್ಲ ದೇಶ ಚರ್ಚಿಸಿತು. 2024ರ ಆಗಸ್ಟ್ 16ರಂದು ರಾಜಸ್ಥಾನದ ಉದಯಪುರದಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಸಹಪಾಠಿಯನ್ನು ಇರಿದ. ಆ ಮಗು ಮೂರು ದಿನಗಳ ನಂತರ ತೀರಿಕೊಂಡಿತು. ಇಬ್ಬರ ಧರ್ಮ ಬೇರೆ ಬೇರೆ. ಅಷ್ಟು ಸಾಕಾಯಿತು. ವಾಹನಗಳಿಗೆ ಬೆಂಕಿ ಬಿತ್ತು, ಇಂಟರ್‌ನೆಟ್ ಕಡಿತವಾಯಿತು, ಮರುದಿನವೇ ಆರೋಪಿಯ ಕುಟುಂಬ ಬಾಡಿಗೆಗಿದ್ದ ಮನೆಗೆ ಬುಲ್ಡೋಜರ್ ಬಂತು. ಮನೆ ಕಳೆದುಕೊಂಡವನು ಮಾಲೀಕ, ಯಾವ ಹುಡುಗನಿಗೂ ತಂದೆಯಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಕಾರ್ಯಾಂಗ ತಾನೇ ನ್ಯಾಯಾಧೀಶನಾಗಿ ಮನೆ ಕೆಡವುವಂತಿಲ್ಲ, ಕನಿಷ್ಠ 15 ದಿನಗಳ ನೋಟೀಸ್ ಬೇಕು ಎಂದು ಹೇಳಿತು. ಸತ್ತ ಮಗುವಿನ ತಾಯಿಗೆ ಈ ಗದ್ದಲದಿಂದ ಏನು ಸಿಕ್ಕಿತು? ಹತ್ತನೇ ತರಗತಿಯ ಹುಡುಗ ಚೂರಿ ಇಟ್ಟುಕೊಂಡು ಶಾಲೆಗೆ ಬಂದದ್ದೇಕೆ ಎಂಬ ಪ್ರಶ್ನೆಯೇ ಹಿಂದೆ ಬಿತ್ತು. ಕಾನೂನು ಬಾಲಕರ ಹೆಸರನ್ನು ಮುಚ್ಚಿಡುವುದೇ ಇದಕ್ಕಾಗಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಪತ್ರಿಕೆಗಳಿಗೂ ಅನ್ವಯಿಸುತ್ತದೆ. ಹೆಸರು ತಿಳಿದ ಕ್ಷಣ ನಮ್ಮಲ್ಲಿ ಅಪರಾಧಕ್ಕೆ ಜಾತಿ ಧರ್ಮ ಹುಟ್ಟಿಕೊಳ್ಳುತ್ತದೆ.

ಅಕ್ಷರದ ಮನೆ ಮತ್ತು ಆಯುಧದ ಮನೆಯ ನಡುವಿನ ಗೆರೆಯನ್ನು ದೊಡ್ಡವರೇ ಅಳಿಸಿದ ಉದಾಹರಣೆಯೂ ಇದೆ. 2022ರ ಮೇ ತಿಂಗಳಲ್ಲಿ ಪೊನ್ನಂಪೇಟೆಯ ವಿದ್ಯಾಸಂಸ್ಥೆಯೊಂದರ ಆವರಣದಲ್ಲಿ ಬಜರಂಗದಳದ ತರಬೇತಿ ಶಿಬಿರ ನಡೆಯಿತು. ಏರ್‌ಗನ್ ಹಿಡಿದ ಯುವಕರ, ತ್ರಿಶೂಲ ವಿತರಣೆಯ ಚಿತ್ರಗಳು ಹರಿದಾಡಿದವು. ಏರ್‌ಗನ್‌ಗೆ ಲೈಸೆನ್ಸ್ ಬೇಡ, ತ್ರಿಶೂಲಕ್ಕೆ ಮೊನೆಯಿಲ್ಲ ಎಂಬುದು ಸಂಘಟಕರ ಸಮರ್ಥನೆ. ತಾಂತ್ರಿಕವಾಗಿ ಅದು ನಿಲ್ಲುತ್ತದೋ ಬಿಡುತ್ತದೋ, ಪಾಠದ ಆವರಣವನ್ನು ಇದಕ್ಕೆ ಕೊಡಬಹುದೇ ಎಂಬುದು ಬೇರೆಯೇ ಪ್ರಶ್ನೆ. ಶಿಬಿರ ಯಾವ ಧರ್ಮದವರದಾದರೂ ಈ ಪ್ರಶ್ನೆ ಬದಲಾಗದು.

ಉದಯಪುರದ ಬಳಿಕ ರಾಜಸ್ಥಾನದ ಶಿಕ್ಷಣ ಇಲಾಖೆ ಚಾಕು, ಕತ್ತರಿಯಂಥ ಹರಿತವಾದ ವಸ್ತುಗಳನ್ನು ಶಾಲೆಗೆ ತರುವುದನ್ನು ನಿಷೇಧಿಸಿ ಚೀಲ ತಪಾಸಣೆಗೆ ಆದೇಶಿಸಿತು. ಬೆಂಗಳೂರಿನ ಕೆಲವು ಶಾಲೆಗಳು 2022ರ ನವೆಂಬರಿನಲ್ಲಿ ಮೊಬೈಲ್ ಹುಡುಕಲು ಚೀಲ ತೆಗೆಸಿದಾಗ ಸಿಕ್ಕಿದ್ದು ಸಿಗರೇಟು, ಲೈಟರು, ಗರ್ಭನಿರೋಧಕ. ಮಕ್ಕಳ ಬಗ್ಗೆ ತಾವೆಷ್ಟು ಕಡಿಮೆ ಬಲ್ಲೆವೆಂದು ಹಿರಿಯರಿಗೆ ಅಂದು ತಿಳಿಯಿತು. ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಚೀಲ ನೋಡುವ ಸಿಬ್ಬಂದಿಯೂ ಇಲ್ಲ, ಜ್ಯಾಮಿತಿ ಪೆಟ್ಟಿಗೆಯ ಕೈವಾರವನ್ನು ಕಿತ್ತುಕೊಳ್ಳಲೂ ಆಗದು. ಆದರೆ ಆ ಶೇ. 81ರ ಸುಳಿವನ್ನು ಕೇಳಿಸಿಕೊಳ್ಳಲು ಕರ್ನಾಟಕದಲ್ಲಿ ಒಂದು ವೇದಿಕೆ ಆಗಲೇ ಇದೆ. 2006ರಿಂದ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರಕಾರದ ಆದೇಶವಿದೆ. ಅಲ್ಲಿ ಮಕ್ಕಳು ಶೌಚಾಲಯ, ಬಸ್ಸು, ಕಾಂಪೌಂಡಿನ ಬಗ್ಗೆ ಕೇಳುತ್ತಾರೆ. ಶಾಲೆಯ ದಾರಿಯಲ್ಲಿ ಯಾರ ಭಯವಿದೆ ಎಂದು ಪಂಚಾಯತಿಯವರು ಅವರನ್ನೇ ಕೇಳಬಹುದು. ಸಭೆ ಮುಗಿದ ಮೇಲೆ, ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆಯೊಂದನ್ನು ಇಡಲೂ ಬಹುದು.