ಬೋಲ್ಸಾ ಫಮೀಲಿಯಾ: ಬ್ರೆಜಿಲ್ ಮಕ್ಕಳ ತಲೆ ಎಣಿಸಿ ದುಡ್ಡು ಕೊಡುವುದು ಹೇಗೆ, ಯಾಕೆ?

‘ಬಿಟ್ಟಿ ಭಾಗ್ಯ’ದ ಜಗಳ ಶುರುವಾದಾಗಲೆಲ್ಲ ಯಾರಾದರೊಬ್ಬರು ಬ್ರೆಜಿಲ್ ಹೆಸರು ತರುತ್ತಾರೆ. ಪರ ಇರುವವರು ‘ಅಲ್ಲಿ ಹಸಿವೇ ಹೋಯ್ತು’ ಅಂತಾರೆ. ವಿರೋಧಿಸುವವರು ‘ಅಲ್ಲಿ ಜನ ಸೋಮಾರಿಗಳಾದರು’ ಅಂತಾರೆ. ಆ ಯೋಜನೆ ಒಳಗೆ ಹೇಗೆ ಓಡುತ್ತೆ, ಯಾರಿಗೆ ಎಷ್ಟು ಸಿಗುತ್ತೆ, ಎಲ್ಲಿ ಕೆಟ್ಟು ನಿಂತಿತ್ತು ಅನ್ನುವುದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ. ಎಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದರೂ ಮಷೀನು ಕಂಡರೆ ಮುಚ್ಚಳ ತೆಗೆದು ನೋಡುವ ಚಟ ನನಗೆ ಹೋಗಿಲ್ಲ. ಇಲ್ಲೂ ಅದನ್ನೇ ಮಾಡುತ್ತೇನೆ.

ಬೋಲ್ಸಾ ಫಮೀಲಿಯಾ ಅಂದರೆ ಪೋರ್ಚುಗೀಸ್ ಭಾಷೆಯಲ್ಲಿ ಕುಟುಂಬ ಭತ್ಯೆ. 2003ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲೂಲಾ ಡ ಸಿಲ್ವಾ ಇದನ್ನು ಜಾರಿಗೆ ತಂದರು. ಆದರೆ ಐಡಿಯಾ ಲೂಲಾ ಅವರದ್ದೇ ಅಲ್ಲ. 1995ರಲ್ಲೇ ಕಂಪೀನಾಸ್ ನಗರದಲ್ಲಿ, ಮತ್ತು ಕ್ರಿಸ್ಟೋವಾಂ ಬುವಾರ್ಕೆ ರಾಜ್ಯಪಾಲರಾಗಿದ್ದ ಬ್ರೆಸೀಲಿಯಾದಲ್ಲಿ, ಮಗು ಶಾಲೆಗೆ ಹೋದರೆ ಬಡ ಕುಟುಂಬಕ್ಕೆ ನಗದು ಕೊಡುವ ಪ್ರಯೋಗ ಶುರುವಾಗಿತ್ತು. (ಅಲ್ಲಿ ರಾಜ್ಯಪಾಲರು ಚುನಾವಣೆಯಲ್ಲಿ ಗೆದ್ದು ಬರುವವರು, ನಮ್ಮ ಮುಖ್ಯಮಂತ್ರಿಯಂತೆ.) 2001ರಲ್ಲಿ ಹಿಂದಿನ ಅಧ್ಯಕ್ಷ ಫರ್ನಾಂಡೊ ಹೆನ್ರಿಕ್ ಕಾರ್ಡೋಸೊ ಇದನ್ನು ‘ಬೋಲ್ಸಾ ಎಸ್ಕೋಲಾ’ ಹೆಸರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದರು. ಶಾಲೆಗೊಂದು, ಪೌಷ್ಟಿಕತೆಗೊಂದು, ಅಡುಗೆ ಅನಿಲಕ್ಕೊಂದು ಎಂದು ಚದುರಿಹೋಗಿದ್ದ ಯೋಜನೆಗಳನ್ನು ಲೂಲಾ ಸರ್ಕಾರ ಒಂದೇ ಕಾರ್ಡಿಗೆ ತಂದಿತು. ಪ್ರತಿಸ್ಪರ್ಧಿಯ ಯೋಜನೆಯನ್ನು ಕೊಲ್ಲದೆ ಬೆಳೆಸಿದ್ದು ನಮ್ಮ ರಾಜಕಾರಣಿಗಳ ಕಣ್ಣಿಗೆ ಬೀಳಬೇಕಾದ ಸಂಗತಿ.

ಲೆಕ್ಕ ಹೀಗಿದೆ

ಮೊದಲ ರೂಪದಲ್ಲಿ ಮೊತ್ತ ತೀರಾ ಚಿಕ್ಕದು. ಕಡುಬಡ ಕುಟುಂಬಕ್ಕೆ ತಿಂಗಳಿಗೆ 50 ರಿಯಾಲ್, ಅದರ ಮೇಲೆ 15 ವರ್ಷದವರೆಗಿನ ಪ್ರತಿ ಮಗುವಿಗೆ 15 ರಿಯಾಲ್, ಅದೂ ಮೂರು ಮಕ್ಕಳ ತನಕ. ಆದರೆ 15 ದಾಟಿದ ಹುಡುಗರು ಶಾಲೆ ಬಿಟ್ಟು ಕೂಲಿಗೆ ಹೋಗುವ ವಯಸ್ಸಿಗೆ ಸರಿಯಾಗಿ ದುಡ್ಡು ನಿಂತುಹೋಗುತ್ತಿತ್ತು! ಹಾಗಾಗಿ 2008ರ ಹೊತ್ತಿಗೆ 16-17ರ ಹದಿಹರೆಯದವರಿಗೂ ಬೇರೆ ಭತ್ಯೆ ಸೇರಿತು.

ಈಗ ಇರುವುದು 2023ರ ಕಾನೂನಿನ ರೂಪ. ಕುಟುಂಬದ ತಲಾ ಆದಾಯ ತಿಂಗಳಿಗೆ 218 ರಿಯಾಲ್ ಒಳಗಿದ್ದರೆ ಅರ್ಹತೆ. ಮನೆಯಲ್ಲಿರುವ ಪ್ರತಿಯೊಬ್ಬರಿಗೂ 142 ರಿಯಾಲ್. ಎಲ್ಲ ಕೂಡಿ 600 ಮುಟ್ಟದಿದ್ದರೆ ಸರ್ಕಾರವೇ 600ಕ್ಕೆ ತುಂಬಿಸುತ್ತದೆ. ಅದರ ಮೇಲೆ 7 ವರ್ಷದೊಳಗಿನ ಪ್ರತಿ ಮಗುವಿಗೆ 150, 7ರಿಂದ 18 ತುಂಬುವವರೆಗಿನ ಪ್ರತಿಯೊಬ್ಬರಿಗೆ 50, ಗರ್ಭಿಣಿಗೆ ಮತ್ತು ಹಾಲೂಡಿಸುವ ತಾಯಿಗೆ 50.

ಒಂದು ಮನೆ ತಗೊಳ್ಳಿ. ತಾಯಿ, 4, 9 ಮತ್ತು 15 ವರ್ಷದ ಮೂವರು ಮಕ್ಕಳು. ನಾಲ್ಕು ಜನಕ್ಕೆ 142ರಂತೆ 568, ಅದು 600 ಆಗುತ್ತದೆ. ಚಿಕ್ಕವನಿಗೆ 150, ಉಳಿದಿಬ್ಬರಿಗೆ ತಲಾ 50. ಒಟ್ಟು 850 ರಿಯಾಲ್. ಒಂದು ರಿಯಾಲ್‌ಗೆ ಸುಮಾರು 16 ರೂಪಾಯಿ ಹಿಡಿದರೂ ತಿಂಗಳಿಗೆ 13,600 ರೂಪಾಯಿ. ಬ್ರೆಜಿಲ್‌ನಲ್ಲಿ ಬೆಲೆಗಳೂ ನಮಗಿಂತ ಜಾಸ್ತಿ, ಅದು ನೆನಪಿರಲಿ. 2025ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 1,518 ರಿಯಾಲ್. ಅಂದರೆ ಈ ಮನೆಗೆ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ದುಡ್ಡು ಹೋಗುವುದು ಕೇಂದ್ರ ಸರ್ಕಾರದ ಬ್ಯಾಂಕ್ ಕಾಯ್ಶಾ ಮೂಲಕ, ಕಾರ್ಡ್ ಹೆಚ್ಚಾಗಿ ತಾಯಿಯ ಹೆಸರಲ್ಲಿ. ಯಾರು ಬಡವರು ಅನ್ನುವುದನ್ನು ‘ಕಡಾಸ್ತ್ರೋ ಊನಿಕೊ’ ಎಂಬ ಒಂದೇ ನೋಂದಣಿ ಪಟ್ಟಿ ಹೇಳುತ್ತದೆ. ಮಾಹಿತಿ ತುಂಬಿಸುವುದು ಸ್ಥಳೀಯ ನಗರಸಭೆ, ಆಯ್ಕೆ ಮಾಡುವುದು ಕೇಂದ್ರ. ನಡುವೆ ಶಾಸಕರ ಕೈ ಇಲ್ಲ. ನನ್ನ ಪ್ರಕಾರ ಇಡೀ ಯೋಜನೆಯ ನಿಜವಾದ ಎಂಜಿನ್ ಈ ಪಟ್ಟಿಯೇ.

ಷರತ್ತು ಅಂದರೆ ಶಿಕ್ಷೆಯಾ?

4-5 ವರ್ಷದ ಮಕ್ಕಳಿಗೆ ಶೇ. 60 ಹಾಜರಿ, 6ರಿಂದ 18ರೊಳಗೆ ಓದು ಮುಗಿಸದವರಿಗೆ ಶೇ. 75 ಹಾಜರಿ, ಲಸಿಕೆ, ಚಿಕ್ಕ ಮಕ್ಕಳ ತೂಕ-ಎತ್ತರದ ತಪಾಸಣೆ, ಗರ್ಭಿಣಿಯರ ಪರೀಕ್ಷೆ. ಇವು ಷರತ್ತುಗಳು. ತಪ್ಪಿದರೆ ಮರುದಿನವೇ ಹೆಸರು ಹೊಡೆಯುವುದಿಲ್ಲ. ಮೊದಲು ಎಚ್ಚರಿಕೆ ಪತ್ರ, ಆಮೇಲೆ ಹಣ ತಡೆ, ಆಮೇಲೆ ಅಮಾನತು, ಕೊನೆಗೆ ರದ್ದು. ಮಧ್ಯದಲ್ಲಿ ಸಮಾಜ ಕಾರ್ಯಕರ್ತರು ಮನೆಗೆ ಹೋಗಿ ಯಾಕೆ ಮಗು ಶಾಲೆಗೆ ಬರ್ತಿಲ್ಲ ಅಂತ ವಿಚಾರಿಸಬೇಕು. ಷರತ್ತು ಮುರಿದದ್ದು ಆ ಮನೆಯಲ್ಲಿ ಏನೋ ಕಷ್ಟ ಇದೆ ಎಂಬ ಸಿಗ್ನಲ್ ಅನ್ನುವುದು ಇಲ್ಲಿನ ತರ್ಕ. ಎಲ್ಲ ಊರಲ್ಲೂ ಹೀಗೇ ನಡೆಯುತ್ತೆ ಅಂತ ನಾನು ಹೇಳುವುದಿಲ್ಲ, ಆದರೆ ನಿಯಮದಲ್ಲೇ ಆ ದಾರಿ ಇದೆ.

ಪರಿಣಾಮದ ಬಗ್ಗೆ ಗಟ್ಟಿಯಾದ ಅಧ್ಯಯನ ಬೇಕು ಅನ್ನುವವರು 2013ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದದ್ದನ್ನು ನೋಡಬೇಕು. 2004ರಿಂದ 2009ರವರೆಗಿನ ಅಂಕಿಅಂಶ ಹಿಡಿದು ಮಾಡಿದ್ದು. ಯೋಜನೆ ಚೆನ್ನಾಗಿ ನೆಲೆಯೂರಿದ ನಗರಸಭೆಗಳಲ್ಲಿ 5 ವರ್ಷದೊಳಗಿನ ಮಕ್ಕಳ ಸಾವಿನ ಪ್ರಮಾಣ ಶೇ. 17ರಷ್ಟು ಕಡಿಮೆ. ಅಪೌಷ್ಟಿಕತೆಯ ಸಾವು ಶೇ. 65ರಷ್ಟು, ಭೇದಿಯ ಸಾವು ಶೇ. 53ರಷ್ಟು ಕಡಿಮೆ. ಆಗ ಇಡೀ ಯೋಜನೆಯ ಖರ್ಚು ಜಿಡಿಪಿಯ ಶೇ. 0.5ರ ಆಸುಪಾಸು. ಈಗ ಅದು ಅದರ ದುಪ್ಪಟ್ಟಿಗಿಂತ ಜಾಸ್ತಿ.

2014ರಲ್ಲಿ ಬ್ರೆಜಿಲ್ ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಹೊರಬಂತು. ಆಮೇಲೆ ಆರ್ಥಿಕ ಕುಸಿತ, ಬಜೆಟ್ ಬಿಗಿತ, ಕೋವಿಡ್. ಮತ್ತೆ ನಕ್ಷೆಯೊಳಗೆ ಹೋಯಿತು. 2025ರ ಜುಲೈನಲ್ಲಿ ಪುನಃ ಹೊರಬಂತು. ಬೋಲ್ಸಾ ಒಂದರಿಂದಲೇ ಇದಾಯ್ತು ಅನ್ನುವುದು ಸುಳ್ಳು. ಕನಿಷ್ಠ ವೇತನದ ಏರಿಕೆ, ಉದ್ಯೋಗ, ಶಾಲಾ ಊಟ ಎಲ್ಲ ಸೇರಿದೆ. ದೊಡ್ಡವರು ಕೆಲಸ ಬಿಟ್ಟು ಕೂತರು ಅನ್ನುವ ಇನ್ನೊಂದು ಕಡೆಯ ಮಾತಿಗೂ ಸಂಶೋಧನೆಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ.

ಕೆಟ್ಟು ನಿಂತದ್ದು ಎಲ್ಲಿ

2021ರ ನವೆಂಬರ್‌ನಲ್ಲಿ ಬೋಲ್ಸೊನಾರೊ ಸರ್ಕಾರ ಯೋಜನೆಯ ಹೆಸರನ್ನು ‘ಆಕ್ಸಿಲಿಯೊ ಬ್ರೆಜಿಲ್’ ಎಂದು ಬದಲಿಸಿತು. 2022 ಚುನಾವಣೆಯ ವರ್ಷ. ಮನೆಗೆ ಕನಿಷ್ಠ 600 ರಿಯಾಲ್ ಎಂದು ಘೋಷಿಸಿತು. ಕೇಳೋಕೆ ಉದಾರ. ಆದರೆ ಒಬ್ಬನೇ ಇರುವ ಮನೆಗೂ 600, ಮೂರು ಮಕ್ಕಳ ತಾಯಿಗೂ ಹೆಚ್ಚುಕಡಿಮೆ ಅಷ್ಟೇ ಅಂದಾಗ ಏನಾಗುತ್ತೆ? ಒಂದೇ ಸೂರಿನಡಿ ಇರುವವರು ಕಾಗದದ ಮೇಲೆ ಬೇರೆಯಾದರು. ಒಂಟಿ ಸದಸ್ಯರ ‘ಕುಟುಂಬ’ಗಳು ಸುಮಾರು ಒಂದು ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚಾದವು. ಜನ ಮೋಸಗಾರರು ಅಂತ ಬೈದು ಪ್ರಯೋಜನ ಇಲ್ಲ, ಫಾರ್ಮುಲಾ ಅವರಿಗೆ ಹೇಳಿಕೊಟ್ಟದ್ದೇ ಅದನ್ನು. ವರ್ಷಗಳ ಕಾಲ ಕಟ್ಟಿದ್ದ ಪಟ್ಟಿ ಕೊಳಕಾಯಿತು, 2023ರಲ್ಲಿ ಅದನ್ನು ಸೋಸುವುದೇ ದೊಡ್ಡ ಕೆಲಸವಾಯಿತು.

ಲೂಲಾ ಮರಳಿ ಬಂದ ಮೇಲೆ ಮಕ್ಕಳ ಲೆಕ್ಕ ವಾಪಸ್ ಬಂತು, ಆದರೆ 600ರ ತಳ ಹಾಗೇ ಉಳಿಯಿತು. ಇಳಿಸುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಪರಿಣಾಮ, ಈಗಲೂ ಒಂಟಿ ವ್ಯಕ್ತಿಗೆ ತಲಾ 600, ಮೇಲೆ ಹೇಳಿದ ನಾಲ್ಕು ಜನರ ಮನೆಗೆ ತಲಾ 212. ಮಕ್ಕಳ ಬಡತನದ ಯೋಜನೆ ಅಂತ ಕರೆಯುವಾಗ ಈ ಅಂಕಿ ಚುಚ್ಚಬೇಕು.

ಇದನ್ನು ಓದುವಾಗ ನಮ್ಮ ಗೃಹಲಕ್ಷ್ಮಿ ನೆನಪಾಗದೇ ಇರದು. 2023ರಲ್ಲಿ ಶುರುವಾದಾಗ ‘ಅತ್ತೆಗೋ ಸೊಸೆಗೋ’ ಅಂತ ಎಷ್ಟು ಚರ್ಚೆ ನಡೆಯಿತು! ಮನೆಯ ಯಜಮಾನಿಗೆ 2,000 ರೂಪಾಯಿ, ಮಕ್ಕಳು ಇಲ್ಲದಿದ್ದರೂ ಅಷ್ಟೇ, ಮೂವರಿದ್ದರೂ ಅಷ್ಟೇ. ಅದು ಹೆಣ್ಣುಮಕ್ಕಳ ಕೈಗೆ ದುಡ್ಡು ತಲುಪಿಸುವ ಯೋಜನೆ, ಆ ಕೆಲಸವನ್ನು ಮಾಡುತ್ತಿದೆ, ನಾನು ಅದರ ಪರ. ಆದರೆ ಮಕ್ಕಳ ಬಡತನಕ್ಕೆ ಅದನ್ನೇ ಉತ್ತರ ಅಂತ ತೋರಿಸುವುದು ಸರಿಯಲ್ಲ. 2006-07ರಲ್ಲಿ ಬಂದ ಭಾಗ್ಯಲಕ್ಷ್ಮಿ ಬಡ ಮನೆಯ ಹೆಣ್ಣುಮಗುವಿಗೆ ಲಸಿಕೆ, ಓದು, 18ಕ್ಕೆ ಮೊದಲು ಮದುವೆ ಇಲ್ಲ ಎಂಬ ಷರತ್ತು ಹಾಕಿತ್ತು. ಷರತ್ತಿನ ಮಟ್ಟಿಗೆ ಅದು ಬೋಲ್ಸಾದ ದೂರದ ನೆಂಟ. ಆದರೆ ಬಾಂಡ್ ಕೈಗೆ ಬರುವುದು 18 ತುಂಬಿದ ಮೇಲೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಬಸ್ಸು, ಪುಸ್ತಕ, ಪ್ಯಾಡ್ ಬೇಕಾಗುವುದು ಈ ತಿಂಗಳು.

ಹೊರಹೋಗುವ ಬಾಗಿಲು

ತಾಯಿಗೆ ಒಂದು ಕೆಲಸ ಸಿಕ್ಕಿತು ಅನ್ನಿ. ತಲಾ ಆದಾಯ 218 ದಾಟಿತು. ಮರುತಿಂಗಳೇ ಎಲ್ಲ ನಿಂತರೆ ಆಕೆ ಆ ಕೆಲಸವನ್ನು ಮುಚ್ಚಿಡುತ್ತಾಳೆ. ಅದಕ್ಕೇ 2023ರ ಕಾನೂನು, ತಲಾ ಆದಾಯ ಕನಿಷ್ಠ ವೇತನದ ಅರ್ಧದೊಳಗೆ ಇರುವ ತನಕ, 2 ವರ್ಷ ಅರ್ಧ ಭತ್ಯೆ ಮುಂದುವರಿಸಿತು. 2025ರಲ್ಲಿ ಹೊಸಬರಿಗೆ ಇದನ್ನು 1 ವರ್ಷಕ್ಕೆ ಇಳಿಸಿ, ಆದಾಯದ ಮಿತಿಯನ್ನೂ ತಗ್ಗಿಸಿದರು. ಉಳಿತಾಯದ ಹೆಸರಲ್ಲಿ ಕತ್ತರಿ ಮೊದಲು ಬಿದ್ದದ್ದು ದುಡಿಯಲು ಹೊರಟವರ ಮೇಲೆ.

ಹದಿಹರೆಯದವರಿಗೆ 2024ರಿಂದ ಇನ್ನೊಂದು ಯೋಜನೆ ಸೇರಿದೆ, ‘ಪೆ ಡಿ ಮೇಯಾ’. ಕಾಲುಚೀಲದಲ್ಲಿ ಕೂಡಿಟ್ಟ ಹಣ ಅನ್ನುವ ಅರ್ಥ, ನಮ್ಮ ಅಮ್ಮಂದಿರ ಸಾಸಿವೆ ಡಬ್ಬಿ ಇದ್ದ ಹಾಗೆ. ಪಟ್ಟಿಯಲ್ಲಿರುವ ಬಡ ಮನೆಯ, ಸರ್ಕಾರಿ ಹೈಸ್ಕೂಲಿನ ವಿದ್ಯಾರ್ಥಿಗೆ ಶೇ. 80 ಹಾಜರಿ ಇದ್ದರೆ 200 ರಿಯಾಲ್‌ನಂತೆ ವರ್ಷಕ್ಕೆ 10 ಕಂತು. ವರ್ಷ ಪಾಸಾದರೆ 1,000 ಖಾತೆಗೆ ಬೀಳುತ್ತದೆ, ಆದರೆ ಮೂರು ವರ್ಷ ಮುಗಿಸಿದ ಮೇಲಷ್ಟೇ ತೆಗೆಯಬಹುದು. ಕೊನೆಗೆ ರಾಷ್ಟ್ರೀಯ ಪ್ರವೇಶ ಪರೀಕ್ಷೆ ಬರೆದರೆ ಮತ್ತೊಂದು 200. ಎಲ್ಲ ಸೇರಿ 9,200 ರಿಯಾಲ್. ಇಲ್ಲಿ ದುಡ್ಡು ಹೋಗುವುದು ತಾಯಿಯ ಕಾರ್ಡಿಗಲ್ಲ, ವಿದ್ಯಾರ್ಥಿಯ ಹೆಸರಿನ ಖಾತೆಗೆ.